ರೋಣದಿಂದ ಗಜೇಂದ್ರಗಡಕ್ಕೆ ಮೂರು ಮೀನು

1856ನೇ ಇಸವಿಯಲ್ಲಿ ನಾನು ರೋಣದ ಸರ್ವೇ ಕ್ಯಾಂಪಿನಲ್ಲಿ ಪಖಾಲಿಯಾಗಿದ್ದೆ. ಪಖಾಲಿ ಎಂದರೆ ಎತ್ತಿನ ಬೆನ್ನ ಮೇಲೆ ಎರಡೂ ಬದಿಗೆ ಇಳಿಬೀಳುವ ತೊಗಲಿನ ದೊಡ್ಡ ಚೀಲ. ಅದರಲ್ಲಿ ನೀರು ತರುವವನಿಗೂ ಅದೇ ಹೆಸರು. ನಮ್ಮಜ್ಜ, ನಮ್ಮಪ್ಪ ಇಬ್ಬರೂ ಇದೇ ಕೆಲಸದವರು. ನನಗೆ ನಾಲ್ಕಕ್ಷರ ಬಂದದ್ದು ದಫ್ತರದ ಕಾರಕೂನರ ಕೃಪೆಯಿಂದ. ಅವರ ಹೂಜಿಗೆ ತಣ್ಣೀರು ತುಂಬುತ್ತ ತುಂಬುತ್ತ ಓದು ಕಲಿತೆ. ಆಗ ನನಗೆ ಮೂವತ್ತು ದಾಟಿತ್ತು. ಮೈಯಲ್ಲಿ ಕಸುವಿತ್ತು, ತಲೆಯಲ್ಲಿ ಅದಕ್ಕಿಂತ ಹೆಚ್ಚು ಜಂಬವಿತ್ತು. ರೋಣದಿಂದ ನರಗುಂದದವರೆಗೆ ನನ್ನಷ್ಟು ಚೊಕ್ಕವಾಗಿ ನೀರು ತರುವವನಿಲ್ಲ ಎಂದು ಯಾರೂ ಕೇಳದಿದ್ದರೂ ಹೇಳಿಕೊಂಡು ತಿರುಗುತ್ತಿದ್ದೆ.

ನಮ್ಮ ಕೆಲಸದಲ್ಲಿ ಅರ್ಧ ತುಂಬಿದ ಚೀಲವೆಂದರೆ ಅವಮಾನ. ಒಳಗಿನ ನೀರು ತೂಗಾಡಿ ಎತ್ತಿನ ಪಕ್ಕೆಗೆ ಬಡಿಯುತ್ತದೆ, ಎತ್ತು ಮುಗ್ಗರಿಸುತ್ತದೆ, ಬಾಯಿಯಿಂದ ನೀರು ಚೆಲ್ಲುತ್ತದೆ. ಆದ್ದರಿಂದ ಗಂಟಲವರೆಗೆ ತುಂಬಬೇಕು, ಉಳಿದ ಗಾಳಿಯನ್ನು ಮೊಣಕೈಯಿಂದ ಒತ್ತಿ ಹೊರಹಾಕಬೇಕು, ಆಮೇಲೆ ಬಾಯಿ ಬಿಗಿಯಬೇಕು. ಚೀಲದೊಳಗೆ ನೀರು ಗುಳುಗುಳು ಎಂದರೆ ಅಪ್ಪ ಬಾರುಕೋಲು ಎತ್ತುತ್ತಿದ್ದ. ಸದ್ದಿಲ್ಲದ ನೀರೇ ಒಳ್ಳೆಯ ನೀರು ಎಂದು ನಾನು ಬೆಳೆದೆ.

ಕ್ಯಾಂಪಿನ ಸಾಹೇಬರು ಹೊಲ ಅಳೆಯುವ ಅಧಿಕಾರಿ. ಮಾತು ಕಡಿಮೆ. ಅವರ ಹೆಂಡತಿಯನ್ನು ನಾವೆಲ್ಲ ಅಮ್ಮಾವರು ಎನ್ನುತ್ತಿದ್ದೆವು. ಬಂಗಲೆಯ ಪಡಸಾಲೆಯಲ್ಲಿ ಅಮ್ಮಾವರದೊಂದು ಗಾಜಿನ ತೊಟ್ಟಿ ಇತ್ತು. ಒಂದು ಮೊಳ ಉದ್ದ, ಅಷ್ಟೇ ಎತ್ತರ. ಅವರು ಅದನ್ನು ಅಕ್ವೇರಿಯಂ ಎನ್ನುತ್ತಿದ್ದರು. ಅದರೊಳಗೆ ಇದ್ದದ್ದು ಸಮುದ್ರದ ನೀರು. ನಮ್ಮ ಸೀಮೆಯ ಹತ್ತಿ ಗಾಡಿಗಳು ಕುಮಟೆ ಬಂದರಕ್ಕೆ ಹೋಗುತ್ತಿದ್ದವಲ್ಲ, ಅವು ಮರಳಿ ಬರುವಾಗ ಉಪ್ಪು, ತೆಂಗಿನಕಾಯಿಯ ಜೊತೆ ಅಮ್ಮಾವರಿಗೆ ಪೀಪಾಯಿಯಲ್ಲಿ ಆ ನೀರನ್ನೂ ತರುತ್ತಿದ್ದವು. ನೀರಿನಲ್ಲಿ ಹಸಿರು ಪಾಚಿ, ಬೆರಳುದ್ದದ ಮೂರು ಮೀನು. ಕುಮಟೆಯ ಬಂಡೆಗಳ ಸಂದಿಯಿಂದ ಆ ಮೂರನ್ನೂ ಅಮ್ಮಾವರು ಮೊಣಕಾಲುದ್ದ ನೀರಿಗಿಳಿದು ತಾವೇ ಹಿಡಿದಿದ್ದರಂತೆ. ಅದನ್ನು ಹೇಳುವಾಗ ಅವರು ಸಣ್ಣ ಹುಡುಗಿಯ ಹಾಗೆ ನಗುತ್ತಿದ್ದರು.

ಹಿಂದಿನ ಮಳೆಗಾಲದಲ್ಲಿ ಅಮ್ಮಾವರು ಜ್ವರ ಬಂದು ನಾಲ್ಕನೆಯ ದಿನ ತೀರಿಕೊಂಡರು. ಊರ ಹೊರಗೆ ಒಂದು ಬೇವಿನ ಮರದಡಿ ಮಣ್ಣು ಮಾಡಿದೆವು. ಮಣ್ಣಿನ ಮೇಲೆ ನೀರು ಹಾಕಿದವನು ನಾನೇ. ಅಂದಿನಿಂದ ಸಾಹೇಬರು ದಿನಾ ಬೆಳಗ್ಗೆ ಚಹಾಕ್ಕಿಂತ ಮೊದಲು ಆ ತೊಟ್ಟಿಯ ಮುಂದೆ ನಿಲ್ಲುತ್ತಿದ್ದರು. ಮೀನಿಗೆ ಉಣಿಸುವ ಕೆಲಸವನ್ನು ಬೇರೆ ಯಾರಿಗೂ ಕೊಡಲಿಲ್ಲ. ನಾನು ಹಂಡೆಗೆ ನೀರು ಸುರಿಯುತ್ತ ನೋಡುತ್ತಿದ್ದೆ. ಕೆಲವು ದಿನ ಅವರ ತುಟಿ ಅಲುಗುತ್ತಿತ್ತು.

ಹೋಳಿ ಹುಣ್ಣಿಮೆ ಕಳೆದ ವಾರ ಅವರಿಗೆ ಗಜೇಂದ್ರಗಡಕ್ಕೆ ವರ್ಗವಾಯಿತು. ದಾರಿ ಆರು ಹರದಾರಿ, ಎಂದರೆ ಗಾಡಿಗೆ ಒಂದು ಹಗಲು. ಅವರು ಮುಂದಾಗಿ ಕುದುರೆಯ ಮೇಲೆ ಹೋಗಿ ದಫ್ತರ ವಹಿಸಿಕೊಳ್ಳಬೇಕಿತ್ತು. ಹೊರಡುವ ಮುನ್ನ ನನ್ನನ್ನು ಕರೆದರು. ಅವರ ಕನ್ನಡ ಪುಸ್ತಕದ ಕನ್ನಡ, ಆದರೆ ಸ್ಪಷ್ಟ.

“ಹುಸೇನಸಾಬ, ಮೀನುಗಳನ್ನು ಈ ಪಿಂಗಾಣಿ ಭರಣಿಯಲ್ಲಿ ತರಬೇಕು. ಅರ್ಧ ಮಾತ್ರ ನೀರು. ಬಾಯಿಗೆ ತೆಳುವಾದ ಬಟ್ಟೆ.” ತೊಟ್ಟಿಯ ಗಾಜನ್ನು ಬೆರಳಿನಿಂದ ಮುಟ್ಟಿ, “ಗೋರಿಯನ್ನು ಒಯ್ಯಲಾಗದು. ಇವನ್ನು ಒಯ್ಯಬಹುದು,” ಎಂದರು.

ಅರ್ಧವೇ ಯಾಕೆ ಎಂದು ನಾನು ಕೇಳಲಿಲ್ಲ. ನೀರಿನ ವಿಷಯದಲ್ಲಿ ಪಖಾಲಿ ಇನ್ನೊಬ್ಬರನ್ನು ಕೇಳುವುದುಂಟೇ!

ಬೆಳಗಿನ ಜಾವಕ್ಕೆ ಅಬ್ಬಿಗೇರಿಯ ಬಸಪ್ಪಕಾಕಾ ಗಾಡಿ ಹೂಡಿದ. ಅವನಿಗೆ ಅರವತ್ತರ ಹತ್ತಿರ ವಯಸ್ಸು, ಆ ಸೀಮೆಯ ಗಾಡಿದಾರಿಯೆಲ್ಲ ಅವನ ಅಂಗೈಯಲ್ಲಿ. ಬರಿದಾದ ಗಾಜಿನ ತೊಟ್ಟಿಯನ್ನು ಹುಲ್ಲಿನಲ್ಲಿ ಹುಗಿದಿಟ್ಟೆವು. ಪಾಚಿಯನ್ನು ಹಸಿ ಗೋಣಿಯಲ್ಲಿ ಸುತ್ತಿದೆವು. ತೊಟ್ಟಿಯ ನೀರನ್ನೆಲ್ಲ ನನ್ನ ಪಖಾಲಿಗೆ ತುಂಬಿ, ಎತ್ತನ್ನು ಗಾಡಿಯ ಹಿಂದೆ ಕಟ್ಟಿದೆ. ಮೀನಿನ ಭರಣಿ ಮಾತ್ರ ನನ್ನ ತೊಡೆಯ ಮೇಲೆ. ಸಾಹೇಬರು ಹೇಳಿದಂತೆಯೇ ಅರ್ಧ ನೀರು, ಮೇಲೆ ಅಮ್ಮಾವರ ಹಳೆಯ ಮಸ್ಲಿನ್ ಬಟ್ಟೆ.

ಎರಿ ಭೂಮಿಯ ಕರಿಮಣ್ಣಿನ ದಾರಿ ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಕಲ್ಲು. ಗಾಲಿ ಜಾಡಿಗೆ ಬಿದ್ದಾಗಲೆಲ್ಲ ಭರಣಿಯ ನೀರು ಎದ್ದು ಬಟ್ಟೆಗೆ ಬಡಿದು ನನ್ನ ಧೋತರದ ಮೇಲೆ ಸುರಿಯುತ್ತಿತ್ತು. ಮೀನುಗಳು ಈ ಗೋಡೆಗೊಮ್ಮೆ ಆ ಗೋಡೆಗೊಮ್ಮೆ ಬಡಿದುಕೊಳ್ಳುತ್ತಿದ್ದವು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಒಂದು ಒಣ ಹಳ್ಳ ದಾಟುವಾಗ ಗಾಡಿ ಎಷ್ಟು ಜಿಗಿಯಿತೆಂದರೆ ಒಂದು ಬೊಗಸೆ ನೀರು ಒಮ್ಮೆಲೇ ಚೆಲ್ಲಿತು. ನಿಲ್ಲಿಸು ಎಂದೆ. ಪಖಾಲಿಯ ಬಾಯಿ ಬಿಚ್ಚಿ ಭರಣಿಯನ್ನು ಕಂಠದವರೆಗೆ ತುಂಬಿದೆ. ಬಟ್ಟೆ ಬಿಚ್ಚಿ, ಜೊತೆಗೆ ತಂದಿದ್ದ ಭರಣಿಯ ಮುಚ್ಚಳವನ್ನು ಒತ್ತಿದೆ. ಚೀಲದ ತೂತಿಗೆ ಮೆತ್ತಲು ಸೊಂಟದಲ್ಲಿಟ್ಟುಕೊಂಡಿದ್ದ ಮೇಣವನ್ನು ತೆಗೆದು ಸುತ್ತಲೂ ಮೆತ್ತತೊಡಗಿದೆ.

ಬಸಪ್ಪಕಾಕಾ ನೋಡುತ್ತಿದ್ದ. “ಸಾಹೇಬ್ರು ಅರ್ಧಾನ ತುಂಬ ಅಂದಿದ್ರಲ್ಲೋ ಹುಸೇನಾ. ಯಾಕ ಅಂದಿದ್ರೋ ಏನೋ.”

“ಸಾಹೇಬ್ರಿಗೆ ಹೊಲಾ ಅಳಿಯೂದು ಗೊತ್ತೈತಿ ಕಾಕಾ. ನೀರ ಹೊರೂದು ನನಗ ಗೊತ್ತೈತಿ. ಈ ನೀರ ಚೆಲ್ಲಿದ್ರ ಮತ್ತ ತರಾಕ ಸಮುದ್ರೇನ ನರಗುಂದದಾಗ ಐತೇನ?”

“ನಿನ್ನ ಕೆಲಸ ನಿನಗ ಗೊತ್ತಪಾ,” ಎಂದು ಅವನು ಎತ್ತಿನ ಬಾಲ ತಿರುವಿದ.

ಆಮೇಲೆ ದಾರಿಯುದ್ದಕ್ಕೂ ಭರಣಿ ಒಂದೂ ಸದ್ದು ಮಾಡಲಿಲ್ಲ. ಒಂದು ಹನಿಯೂ ಹೊರಬರಲಿಲ್ಲ. ನನಗೆ ಎಷ್ಟು ಖುಷಿಯಾಯಿತು ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ. ರಾಜೂರದ ಬಾವಿಯ ಹತ್ತಿರ ಎತ್ತಿಗೆ ನೀರು ಕುಡಿಸುವಾಗ ಹೆಂಗಸರು, “ಏನ್ರಿ ಅದು, ಅಷ್ಟ ಜ್ವಾಕಿಲೆ ಹಿಡ್ಕೊಂಡೀರಿ?” ಎಂದು ಕೇಳಿದರು. “ಸಮುದ್ರ ಒಯ್ಯಾಕತ್ತೇನ್ರವ್ವಾ,” ಎಂದು ಮೀಸೆ ತಿರುವಿದೆ. ಅವರೆಲ್ಲ ನಕ್ಕರು, ನಾನೂ ನಕ್ಕೆ. ನನ್ನ ತೊಡೆಯ ಮೇಲೆ ಮೂರು ಜೀವ ಉಸಿರುಗಟ್ಟುತ್ತಿದ್ದವು.

ಗಜೇಂದ್ರಗಡ ಮುಟ್ಟಿದಾಗ ಸಂಜೆಯಾಗಿತ್ತು. ಸಾಹೇಬರು ಬಂಗಲೆಯ ಮುಂದೆಯೇ ನಿಂತಿದ್ದರು. ತೊಟ್ಟಿ ಇಡಲು ಆಗಲೇ ಮೇಜು ಹಾಕಿಸಿದ್ದರು. ನಾನು ಭರಣಿಯನ್ನು ಅವರ ಮುಂದಿಟ್ಟು, “ಒಂದ್ ಹನಿ ಚೆಲ್ಲಿಲ್ರಿ ಸಾಹೇಬ್ರ,” ಎಂದು ಸಲಾಮು ಮಾಡಿದೆ. ಮೇಣವನ್ನು ನೋಡಿದೊಡನೆ ಅವರ ಮುಖ ಬಿಳಚಿತು. ಚಾಕು ತೆಗೆದು ತಾವೇ ಕೆತ್ತಿದರು. ಮುಚ್ಚಳ ತೆಗೆದಾಗ ಮೂರೂ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬಾಯಿ ತೆರೆದಿತ್ತು.

ಬಸಪ್ಪಕಾಕಾ ನನ್ನನ್ನು ಉಳಿಸಲು ನೋಡಿದ. “ದಾರಿ ಭಾಳ ಕೆಟ್ಟದಿತ್ರಿ ಸಾಹೇಬ್ರ. ಬಡದಾಡಿ ಸತ್ತಾವ್ರಿ.”

ನಾನು ಅದಕ್ಕೆ ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆಗಲಿಲ್ಲ. “ಇಲ್ರಿ. ನಾನ ತುಂಬಿ ಮುಚ್ಚೀನ್ರಿ. ಚೆಲ್ಲಬಾರದು ಅಂತ ಮುಚ್ಚೀನ್ರಿ,” ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಬದುಕು ಹಗುರವಾಗುತ್ತಿತ್ತು. ಒಂದೊಂದೇ ಮೀನನ್ನು ಅಂಗೈಯಿಂದ ಎತ್ತಿ ಆ ಮಸ್ಲಿನ್ ಬಟ್ಟೆಯ ಮೇಲೆ ಮಲಗಿಸಿದರು. ನೀರಿನ ಮೇಲೆ ತೆರೆದ ಗಾಳಿ ಇರಬೇಕು, ಆ ಗಾಳಿ ನೀರಿನೊಳಗೆ ಬೆರೆಯುತ್ತದೆ, ಮೀನು ಉಸಿರಾಡುವುದು ಅದನ್ನೇ ಎಂದು ಮಕ್ಕಳಿಗೆ ಹೇಳುವಂತೆ ನಿಧಾನವಾಗಿ ಹೇಳಿದರು. ಆಮೇಲೆ ಬಟ್ಟೆಯ ಅಂಚನ್ನು ಮೀನುಗಳ ಮೇಲೆ ಮಡಚಿದರು.

“ಅವಳು ಗಾಳಿ ಬೇಕು ಎಂದು ಕೇಳಿದಳು,” ಎಂದರು. “ನಾಲ್ಕು ದಿನವೂ ಕೇಳಿದಳು. ಹೊರಗಿನ ಗಾಳಿಯಿಂದ ಜ್ವರ ಏರುತ್ತದೆ ಎಂದು ಡಾಕ್ಟರು ಹೇಳಿದ್ದರು. ನಾನು ಎಲ್ಲ ಕಿಟಕಿಗಳನ್ನು ಮುಚ್ಚಿದೆ. ಸಂದಿಗೆ ಬಟ್ಟೆಯನ್ನೂ ತುರುಕಿದೆ. ನಾನೂ ಚೆನ್ನಾಗಿಯೇ ಮುಚ್ಚಿದೆ, ಹುಸೇನಸಾಬ.”

ನನಗೆ ಅಳು ತಡೆಯಲಾಗಲಿಲ್ಲ. ಬಸಪ್ಪಕಾಕಾ ಮುಖ ತಿರುಗಿಸಿ ಎತ್ತಿನ ಹಗ್ಗ ಬಿಚ್ಚತೊಡಗಿದ.

ಆ ಮೇಲೆ ಮೂವತ್ತು ವರ್ಷ ನೀರು ಹೊತ್ತೆ. ನೀರಲ್ಲದ್ದನ್ನೂ ಹೊತ್ತೆ, ಔಷಧದ ಬಾಟಲಿ, ಗಿಡದ ಸಸಿ, ಒಮ್ಮೆ ಬಾಣಂತಿಯನ್ನೂ ಡೋಲಿಯಲ್ಲಿ ಹೊತ್ತೆ. ಯಾರು ಏನು ಕೊಟ್ಟರೂ ಇದಕ್ಕೇನು ಬೇಕು, ಯಾಕೆ ಬೇಕು ಎಂದು ಕೇಳದೆ ಕೈ ಹಾಕಲಿಲ್ಲ. ಮುದುಕನಿಗೆ ಅರಳು ಮರುಳು ಎಂದು ಜನ ನಗುತ್ತಾರೆ, ನಗಲಿ. ಅಂದು ನನ್ನಲ್ಲಿ ಕಾಳಜಿಗೆ ಕೊರತೆ ಇರಲಿಲ್ಲ, ಸಾಹೇಬರಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ಏನು ಬೇಕು ಎಂದು ನಾನು ಕೇಳಲಿಲ್ಲ, ಉಸಿರು ಬೇಕು ಎಂದದ್ದನ್ನು ಅವರು ಕೇಳಿಸಿಕೊಳ್ಳಲಿಲ್ಲ, ಅಷ್ಟೇ.