ಚಿಕ್ಕಮ್ಮನ ಅಮೆರಿಕದ ಕವಿ

ಆಗೆಲ್ಲ ಮಳೆಗಾಲವೆಂದರೆ ನಮ್ಮ ಗಂಗೊಳ್ಳಿಯಲ್ಲಿ ದೋಣಿಗಳು ದಡ ಸೇರುವ, ಒಣ ಸೀಗಡಿ ಚಟ್ನಿಯಲ್ಲಿ ಗಂಜಿ ಉಣ್ಣುವ, ಬೇರೆ ಕೆಲಸವಿಲ್ಲದೆ ಒಬ್ಬರನ್ನೊಬ್ಬರು ಅನುಮಾನಿಸುವ ಕಾಲ. ಮೀನು ಮಾರುವ ಅಮ್ಮಮ್ಮನಿಗೆ ಬುಟ್ಟಿ ಖಾಲಿ, ಹೊತ್ತು ಹೋಗದು. ಕಿವಿರು ಎತ್ತಿ ನೋಡದೆ ಒಂದು ಬಂಗುಡೆಯನ್ನೂ ನಂಬದ ಆಕೆಗೆ ಆ ವರ್ಷ ಸ್ವಂತ ಕಿರಿಮಗಳ ಮೇಲೇ ಗುಮಾನಿ. ನನಗೆ ಹತ್ತು ವರ್ಷ, ಅನುಮಾನದಲ್ಲಿ ಅರವತ್ತು.

ಚಿಕ್ಕಮ್ಮ ಎಂ.ಎ. ಮುಗಿಸಿ, ಅಮೆರಿಕದ ಕವಿಯೊಬ್ಬನ ಮೇಲೆ ಪ್ರಬಂಧ ಬರೆಯುತ್ತಿದ್ದಳು. ಅದು ಮುಗಿದರೆ ಕಾಲೇಜಿನಲ್ಲಿ ಕೆಲಸ. ಇಲ್ಲವಾದರೆ ಮುಂಬೈ ಹೋಟೆಲಿನವರ ಸಂಬಂಧಕ್ಕೆ ಹೂಂ ಅನ್ನಬೇಕೆಂದು ಮನೆಯಲ್ಲಿ ಮಾತಾಗಿತ್ತು. ದಿನವಿಡೀ ಜಗಲಿಯಲ್ಲಿ ಕೂತು, ನೆಲಕ್ಕೆ ಬೆರಳು ತಟ್ಟುತ್ತ, ಕವನದ ಸಾಲುಗಳ ಮೇಲೆ ಪೆನ್ಸಿಲಿನಲ್ಲಿ ಸಣ್ಣ ಬಿಲ್ಲು, ಸಣ್ಣ ಗೀಟು ಹಾಕುತ್ತಿದ್ದಳು.

"ಹೆಣೆ, ಅವ್ಳ್ ಎಂತ ಗೀಚುದ್? ಕಂಡ್ಕಂಡ್ ಬಾ" ಎಂದು ಅಮ್ಮಮ್ಮ ನನ್ನನ್ನು ಅಟ್ಟಿದಳು.

ನೋಡಿ ಬಂದೆ. "ಅದ್ ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ. ಗುಟ್ಟಿನ್ ಬರಹ ಇರ್ಕ್. ಆ ಕವಿ ಸತ್ತ್ ಸುಮಾರ್ ವರ್ಷ ಆಯ್ತಂಬ್ರ್."

"ಸತ್ತವ್ನಿಗೆ ಇವ್ಳ್ ಸ್ಟಾಂಪ್ ಹಚ್ಚಿ ಕಾಗ್ದ ಹಾಕುದ್ ಎಂತಕೆ?"

ಕಾಗದ ಹೋಗಿದ್ದು ಅಮೆರಿಕದ ಪ್ರೊಫೆಸರರೊಬ್ಬರಿಗೆ. ಅದನ್ನು ಚಿಕ್ಕಮ್ಮ ನನಗೊಬ್ಬಳಿಗೇ ಹೇಳಿದ್ದಳು. "ಕಡೇ ಅಧ್ಯಾಯ ಅವ್ರ್ ಉತ್ರದ್ ಮೇಲೇ ನಿಂತಿತ್ತ್ ಮಾರಾಯ್ತಿ. ಪೋಸ್ಟಾಫೀಸಿಂದ ನೀನೇ ತಕಂಬಾ, ನನ್ ಕೈಗೇ ಕೊಡ್" ಎಂದು ಪೆಪ್ಪರಮೆಂಟು ಕೊಟ್ಟಳು. ಆಯ್ತೆಂದು ತಲೆಯಾಡಿಸಿದೆ. ಆದರೆ ಲಂಚ ಕೊಡುವವರು ನಿಜ ಹೇಳುತ್ತಾರೆಯೇ ಎಂದು ನನ್ನ ಲೆಕ್ಕಾಚಾರ.

ಕೊನೆಗೂ ಲಕೋಟೆ ಬಂತು. ನನ್ನ ಕಾಲು ಹೋದದ್ದು ಅಮ್ಮಮ್ಮನ ಬಳಿಗೆ. ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಒಡೆದು ನೋಡಿದರೆ, ಕವನದ ಎರಡು ಹಾಳೆ. ಸಾಲುಗಳ ಮೇಲೆಲ್ಲ ಅದೇ ಬಿಲ್ಲು, ಅದೇ ಗೀಟು!

"ಅಯ್ಯಬ್ಬಾ, ಕಂಡ್ಯಾ? ಅಂವನೂ ಅದೇ ಗುಟ್ಟಿನ್ ಬರಹದಗೇ ಉತ್ರ ಕೊಟ್ಟಿದ್ದ!" ಎಂದ ಅಮ್ಮಮ್ಮ ಹಾಳೆಗಳನ್ನು ಬಚ್ಚಲೊಲೆಗೆ ತುರುಕಿದಳು. ತಪ್ಪು ಮಾಡಿದೆನೆಂದು ಆಗ ಅನಿಸಲೇ ಇಲ್ಲ. ಚಿಕ್ಕಮ್ಮನನ್ನು ದೊಡ್ಡ ಕಂಟಕದಿಂದ ಪಾರು ಮಾಡಿದೆನೆಂದು ಬೀಗಿದೆ.

ಮುಂದೆ ದಿನವೂ ಚಿಕ್ಕಮ್ಮ ಬಾಗಿಲಲ್ಲಿ ನಿಂತು "ಬಂತನಾ?" ಎನ್ನುವಳು. "ಇಲ್ಲೆ" ಎನ್ನುವೆ. ಅವಳು ನಂಬುವಳು. ಕಡೆಯ ಅಧ್ಯಾಯ ಅರ್ಧಕ್ಕೇ ನಿಂತಿತು, ಮಳೆಗಾಲ ಮುಗಿಯಿತು, ಚಿಕ್ಕಮ್ಮ ಮದುವೆಯಾಗಿ ಮುಂಬೈಗೆ ಹೋದಳು.

ಎಂಟನೇ ಕ್ಲಾಸಿನಲ್ಲಿ ಕನ್ನಡ ಮೇಷ್ಟ್ರು ಷಟ್ಪದಿಯೊಂದನ್ನು ಬೋರ್ಡಿನ ಮೇಲೆ ಬರೆದು ಅಕ್ಷರಗಳ ನೆತ್ತಿಗೆ ಗುರುತು ಹಾಕತೊಡಗಿದರು. ಲಘುವಿಗೆ ಬಿಲ್ಲು, ಗುರುವಿಗೆ ಗೀಟು. "ಪದ್ಯದ ನಡಿಗೆ ಹಿಡಿಯಲು ಎಲ್ಲ ಭಾಷೆಯಲ್ಲೂ ಹೀಗೊಂದು ಲೆಕ್ಕ ಇರುತ್ತದೆ" ಎಂದರು. ಹೊಟ್ಟೆನೋವೆಂದು ಸುಳ್ಳು ಹೇಳಿ ಮನೆಗೆ ಬಂದು ಅತ್ತೆ.

ಅಮ್ಮಮ್ಮ ಈಗಿಲ್ಲ. ನಾನು ಯಾರಿಗೂ ಬಾಯಿ ಬಿಟ್ಟಿಲ್ಲ. ಕಳೆದ ಸಲ ಊರಿಗೆ ಬಂದಾಗ ಚಿಕ್ಕಮ್ಮ ನನ್ನೆದುರೇ ತನ್ನ ಮಗಳಿಗೆ ಹೇಳಿದಳು: "ಎಂತ ಗುಟ್ಟಿದ್ರೂ ಅಕ್ಕನ್ ಹತ್ರ ಹೇಳ್. ಅವ್ಳ್ ಹೊಟ್ಟೆಯಗೇ ಇಟ್ಕಂತ್ಳ್."

ಮೆಚ್ಚಿ ಹೇಳಿದಳೋ, ಚುಚ್ಚಿ ಹೇಳಿದಳೋ? ಮುಖ ನೋಡಿದೆ, ತಿಳಿಯಲಿಲ್ಲ. ಮೊದಲು ಅವಳ ಮಡಿಲಲ್ಲಿ ತಲೆಯಿಟ್ಟರೆ ಹಾಗೇ ನಿದ್ದೆ ಹತ್ತುತ್ತಿತ್ತು. ಈಗ ಅವಳು ಪ್ರೀತಿಯಿಂದ ತಲೆ ಸವರಿದರೂ, ಗೊತ್ತಿದ್ದೇ ಸವರುತ್ತಿದ್ದಾಳೇನೋ ಎಂದು ಕಣ್ಣು ಬಿಟ್ಟುಕೊಂಡೇ ಇರುತ್ತೇನೆ.