ಹಾಲಿನ ತಕ್ಕಡಿಗೆ ಹೊತ್ತು ಕಲಿಸಿದ್ದು

ನಾನು ಹತ್ತಿದ ಅರಸೀಕೆರೆಯ ಮೊದಲ ಬಸ್ಸು ಜಾವಗಲ್ಲಿನಲ್ಲೇ ಕೆಟ್ಟು ನಿಲ್ಲಬಹುದಿತ್ತು. ಕರೆಂಟು ಹೋಗಬಹುದಿತ್ತು. ನನ್ನ ತಿದ್ದುಪಡಿಯಿದ್ದ ಫ್ಲಾಪಿಗೆ ಬೂಷ್ಟು ಹಿಡಿದಿರಬಹುದಿತ್ತು. ಡೈರಿಯ ಕಂಪ್ಯೂಟರಿನೊಳಗಿನ ಗಡಿಯಾರದ ಎಣಿಕೆ, ಸ್ಕೂಟರಿನ ಮೀಟರಿನಂತೆ, ತುಂಬಿ ಸೊನ್ನೆಗೆ ಬೀಳಬಹುದಿತ್ತು. ತುಂಬಲು ವರ್ಷದ ಮೇಲೆ ಬೇಕು, ಡೈರಿಯಲ್ಲಿ ದಿನಕ್ಕೆರಡು ಸಲ ಸ್ವಿಚ್ಚು ಆರಿಸುತ್ತಾರೆ ಎಂದು ಗೊತ್ತಿದ್ದೂ ನಾನು ಅದಕ್ಕೇ ಹೆಚ್ಚು ಹೆದರಿದ್ದೆ.

ಹಳೇಬೀಡಿನ ಹತ್ತಿರದ ಹಳ್ಳಿ. ಡೈರಿಗೆ ಬಂದಿದ್ದ ಹೊಸ ತಕ್ಕಡಿಯ ಪ್ರೋಗ್ರಾಮು ಇಡೀ ಕಂಪ್ಯೂಟರನ್ನು ನಡೆಸುವ ಹೊಸ ಲಿನಕ್ಸ್ ಕರ್ನಲ್‌ಗೆಂದು ಬರೆದದ್ದು. ಅಲ್ಲಿನ ಮುದಿ ಕಂಪ್ಯೂಟರಿಗೆ ಹಳೇ ಕರ್ನಲ್ಲೇ ಹೊರೆ. ‘ಈ ಹೊತ್ತು ಆ ಹೊತ್ತಿನ ನಂತರದ್ದೇ?’ ಎಂದು ತಪ್ಪದೆ ಹೇಳುವ ಸಾಲುಗಳು ಹೊಸದರಲ್ಲಿದ್ದವು, ಹಳೆಯದರಲ್ಲಿರಲಿಲ್ಲ. ಅವನ್ನು ನಾನೇ ಬರೆದು ಹಳೆಯದಕ್ಕೆ ಸೇರಿಸಿದ್ದೆ.

ಕೈಯಳತೆಯ ಕಾಲದಲ್ಲಿ ನೊರೆಯೂ ಹಾಲೇ ಎಂಬ ಜಗಳಕ್ಕೆ ದಿನವೂ ಬೈಸಿಕೊಂಡಿದ್ದ ಸೆಕ್ರೆಟರಿ ಹೆಂಗಸು ಹಠ ಹಿಡಿದು ಆ ತಕ್ಕಡಿ ತರಿಸಿದ್ದರು. ಹಿಂದಿನ ವಾರ ಅದು ಎರಡು ಸಲ ನಿಂತಿತ್ತು. ಇನ್ನೊಮ್ಮೆ ಕೈಕೊಟ್ಟರೆ ಹಳೇ ಅಳತೆಯೇ ಎಂದು ಊರು ತೀರ್ಮಾನಿಸಿತ್ತು.

ಬೆಳಗ್ಗೆ ಕ್ಯಾನುಗಳು ಸಾಲಾಗಿ ನಿಂತಿದ್ದವು, ಯಜಮಾನರು ಬಿಸಿಲಿಗೆ ಕೂತಿದ್ದರು. ಬೆಚ್ಚಗಿನ ಹಾಲಿನ ವಾಸನೆಗೆ ಕಾದ ಕಂಪ್ಯೂಟರಿನ ಧೂಳಿನ ವಾಸನೆ ಸೇರಿತ್ತು. ಅಂಥದ್ದು ಮತ್ತೆ ನನ್ನ ಮೂಗಿಗೆ ಬಿದ್ದಿಲ್ಲ.

ಮೊದಲ ಕ್ಯಾನು ತಕ್ಕಡಿ ಬೇಡವೆಂದು ಜಗಳವಾಡಿದ್ದ ಮುದುಕರದು. “ಏನ್ ಇಂಜಿನಿಯರ್ರೇ, ಇವತ್ತಾದ್ರೂ ತೂಗ್ತೈತಾ, ಇಲ್ಲ ನಿಮ್ಮನ್ನೇ ನೇತಾಕ್ಬೇಕಾ?” ಎನ್ನುತ್ತಲೇ ಹಾಲು ಸುರಿದರು.

ಸುರಿಯುತ್ತಿದ್ದಂತೆಯೇ ಪರದೆಯಲ್ಲಿ ಅಂಕಿ ಬಿತ್ತು.

“ನಿನ್ನೆಗಿಂತ ಅರ್ಧ ಲೀಟ್ರು ಜಾಸ್ತಿ ಐತಲ್ಲ,” ಎಂದರು ಸೆಕ್ರೆಟರಿ.

“ಹೊಸ ತಕ್ಕಡಿ ಬಂದಿರೋದು ಹಸುಗೂ ಗೊತ್ತಾಗೈತೆ ಕಣಮ್ಮ. ಬರ್ಕೋ.”

ಅವರು ಬರೆದುಕೊಳ್ಳಲಿಲ್ಲ, ನನ್ನ ಮುಖ ನೋಡಿದರು. ನನಗೆ ಹೊಳೆಯಿತು. ಎರಡು ಹೊತ್ತುಗಳಲ್ಲಿ ಯಾವುದರಿಂದ ಯಾವುದನ್ನು ಕಳೆಯಬೇಕೋ ಅದನ್ನೇ, ನಾನು ಸೇರಿಸಿದ ಸಾಲುಗಳಲ್ಲಿ, ತಿರುಗಾಮುರುಗಾ ಬರೆದಿದ್ದೆ. ಹಾಲು ಅಲುಗಾಡದೆ ನಿಲ್ಲಲೆಂದು ಎರಡು ಸೆಕೆಂಡು ಕಾಯಬೇಕಾದ ತಕ್ಕಡಿ, ಕಾಲ ಆಗಲೇ ಮುಗಿಯಿತೆಂದು ತಿಳಿದು, ಬೀಳುವ ಹಾಲಿನ ರಭಸವನ್ನೂ ತೂಗಿತ್ತು.

ಸರಿಮಾಡಲು ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಯಾರೋ ಅಟ್ಟದಿಂದ ಹಳೇ ಅಳತೆಪಾತ್ರೆ ಇಳಿಸಿಯಾಗಿತ್ತು. ಸೆಕ್ರೆಟರಿ ಅದೇ ಹಾಲನ್ನು ಅದರಲ್ಲೂ ಅಳೆದು, ತಕ್ಕಡಿಗೂ ಸುರಿದರು. ಈ ಸಲ ಅದು ಕಾದು ಹೇಳಿತು. ಎರಡೂ ಒಂದೇ, ಅರ್ಧ ಲೀಟರು ಮಾಯ.

ಮುದುಕರು ಪರದೆಯ ಅಂಕಿ ಓದಿಕೊಂಡರು. “ತಕ್ಕಡಿ ಸರಿಯಾಗೈತೆ, ಇರ್ಲಿ ಬಿಡಮ್ಮ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಕೆಟ್ಟಿದ್ದಾಗ್ಲೇ ಚೆಂದಾಗಿತ್ತು ಕಣ್ರೀ.”