ಜೋಡಿಮನೆಯ ಬಚ್ಚಲು ಬಾಗಿಲು

ಆಕಳಿಕೆಗಿರುವಷ್ಟು ಬಂಧುಪ್ರೇಮ ಮನುಷ್ಯನ ಇನ್ನಾವ ಚೇಷ್ಟೆಗೂ ಇದ್ದಂತಿಲ್ಲ. ಶಿರಸಿಯಿಂದ ಯಲ್ಲಾಪುರಕ್ಕೆ ಬರುವ ಮಧ್ಯಾಹ್ನದ ಬಸ್ಸಿನಲ್ಲಿ ಮುಂದಿನ ಸೀಟಿನ ಮಹನೀಯರೊಬ್ಬರು ಬಾಯಿ ತೆರೆದರೆಂದರೆ ಸಾಕು, ಅದು ಸೀಟಿನಿಂದ ಸೀಟಿಗೆ ದಾಟಿ, ಟಿಕೆಟ್ಟು ಕೊಡುತ್ತಿದ್ದ ಕಂಡಕ್ಟರನನ್ನೂ ಹಿಡಿದು, ಕೊನೆಯ ಸಾಲಿನಲ್ಲಿ ಗಂಭೀರವದನನಾಗಿ ಕುಳಿತ ನನ್ನವರೆಗೂ ಬಂದುಬಿಡುತ್ತದೆ. ತಡೆಯೋಣವೆಂದು ಒಮ್ಮೆ ಹಲ್ಲು ಕಚ್ಚಿ ಹಿಡಿದೆ. ಅದು ಕಣ್ಣೀರಾಗಿ ಹೊರಬಂದು, ಪಕ್ಕದವರು ನನಗೇನೋ ಮನೆಯ ಚಿಂತೆಯೆಂದು ಭಾವಿಸಿ ಬಾಳೆಹಣ್ಣು ಕೊಟ್ಟರು.

ಈ ಅಂಟುಜಾಡ್ಯ ನನ್ನ ಕಂಪ್ಯೂಟರಿಗೂ ಇದೆ ಎಂದರೆ ನೀವು ನಗಬಹುದು. ನಾನು ಯಲ್ಲಾಪುರದ ಒಂದು ಸಾಮಿಲ್ಲಿನ ಎದುರು ಕುಳಿತು, ಗರಗಸದ ಸಂಗೀತ ಕೇಳುತ್ತ, ಮನೆಗಳ ನಕ್ಷೆ ಬರೆದು ಬದುಕುವವ. ‘ವಾಸ್ತುಶಿಲ್ಪಿ’ ಎಂದು ಬೋರ್ಡು ಹಾಕಿಸುವಷ್ಟು ವಿದ್ಯೆ ನನಗಿಲ್ಲ, ಅಷ್ಟು ಧೈರ್ಯವೂ ಇಲ್ಲ. ನಾನು ಬಳಸುವ ತಂತ್ರಾಂಶದಲ್ಲಿ ಕಿಟಕಿಯನ್ನು ಒಂದು ಸಲ ಬರೆದರೆ ಮುಗಿಯಿತು, ಉಳಿದವೆಲ್ಲ ಅದರ ನಕಲುಗಳು. ಆದರೆ ಆ ನಕಲುಗಳು ಮೂಲದ ಜೊತೆ ನೆಂಟಸ್ತಿಕೆ ಕಡಿದುಕೊಳ್ಳುವುದಿಲ್ಲ. ಒಂದನ್ನು ಹಿಗ್ಗಿಸಿದರೆ ಎಲ್ಲವೂ ಹಿಗ್ಗುತ್ತವೆ, ಒಂದರ ಕದ ಅಳಿಸಿದರೆ ಎಲ್ಲದರದೂ ಹೋಗುತ್ತದೆ. ಸೋಮಾರಿಗಳಿಗೆ ಇದು ವರ. ನನ್ನಂಥ ಅರೆಪಂಡಿತ ಸೋಮಾರಿಗಳಿಗೆ ಮಾತ್ರ ಆಗಾಗ ಶಾಪವೂ ಹೌದು.

ನಂದೊಳ್ಳಿಯ ಬೀರಣ್ಣ ಮತ್ತು ಗೋವಿಂದ ಎಂಬ ಅಣ್ಣತಮ್ಮಂದಿರು ಹಿಸೆಯಾದ ಮೇಲೆ ನನ್ನಲ್ಲಿಗೆ ಬಂದರು. ನಮ್ಮ ಕಡೆ ಪಾಲು ಮಾಡುವವನು ಅಣ್ಣ, ಮೊದಲು ಆರಿಸಿಕೊಳ್ಳುವವನು ತಮ್ಮ. ಯಾವುದು ತನಗೆ ಉಳಿಯುತ್ತದೋ ತಿಳಿಯದ ಅಣ್ಣ ತಪ್ಪಿಯೂ ಒಂದು ಪಾಲನ್ನು ದಪ್ಪ ಮಾಡುವುದಿಲ್ಲ. ಅದೇ ಪದ್ಧತಿಯಲ್ಲಿ ಬೀರಣ್ಣ ಒಂದೇ ಅಂಗಳಕ್ಕೆ ಎರಡು ಮನೆಯ ಜಾಗ ಗುರುತು ಹಾಕಿದ್ದ, ಗೋವಿಂದ ಮೂಡುಬದಿಯದನ್ನು ಆರಿಸಿಕೊಂಡಿದ್ದ.

“ಒಂದಂಗ್ಲನೂ ಹೆಚ್ಚುಕಮ್ಮಿ ಆಗ್ಬಾರ್ದು ನೋಡಿ ಹೆಗಡೇರೆ,” ಎಂದ ಬೀರಣ್ಣ. “ನಾಳೆ ಮಕ್ಳು ಎಂತ ಹೇಳೂಕೂ ಎಡೆ ಇರ್ಬಾರ್ದು.”

ಇದಕ್ಕಿಂತ ಸುಲಭದ ಕೆಲಸ ಉಂಟೆ? ಒಂದು ಮನೆ ಬರೆದೆ; ಅದರ ನಕಲು ತೆಗೆದು ಪಕ್ಕದಲ್ಲಿಟ್ಟೆ. ಸಮಪಾಲಿನ ಧರ್ಮವನ್ನು ನಾನೊಬ್ಬನೇ ಎತ್ತಿಹಿಡಿದವನಂತೆ ಚಾ ಕುಡಿದೆ.

ಸಮಪಾಲಾಗದ ಆಸ್ತಿ ಒಂದಿತ್ತು. ಅದು ಅವರ ತಾಯಿ ದೇವಮ್ಮ. ಬಿದ್ದು ಸೊಂಟ ಮುರಿದುಕೊಂಡ ಮೇಲೆ ಆಕೆ ನಾಲ್ಕು ಕಾಲಿನ ವಾಕರ್ ಹಿಡಿದು ನಡೆಯುತ್ತಿದ್ದಳು. ಹಿಸೆಯ ಹೊತ್ತಿನಲ್ಲಿ ಹಿರಿಸೊಸೆ ಗಂಗಕ್ಕನಿಗೂ ಅತ್ತೆಗೂ ಒಂದು ಮಾತಿಗೆ ಒಂಬತ್ತು ಮಾತು ಬೆಳೆದು, ದೇವಮ್ಮ ಕಿರಿಮಗನ ಮನೆಯಲ್ಲಿರುವುದೆಂದು ತೀರ್ಮಾನವಾಗಿತ್ತು. ಬೀರಣ್ಣನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ; ಅವನೂ ಬಾಯಿಬಿಟ್ಟು ಹೇಳಲಿಲ್ಲ. ಇದನ್ನೆಲ್ಲ ನನಗೆ ಹೇಳಿದವನು ಗೋವಿಂದ, ಒಂದು ದಿನ ತಾನೊಬ್ಬನೇ ಬಂದಾಗ. ಅವ್ವನ ವಾಕರ್ ಹೋಗುವ ಹಾಗೆ ತನ್ನ ಮನೆಯ ಬಚ್ಚಲು ಬಾಗಿಲನ್ನು ಅಗಲ ಮಾಡಬೇಕು, ಅಲ್ಲಿಯ ಮೆಟ್ಟಿಲು ತೆಗೆಯಬೇಕು ಎಂಬುದು ಅವನ ಕೋರಿಕೆ.

ಅವನು ಹೋದ ಮೇಲೆ ಬಾಗಿಲು ಹಿಗ್ಗಿಸಿದೆ. ಪಕ್ಕದ ಬೀರಣ್ಣನ ಮನೆಯ ಬಚ್ಚಲು ಬಾಗಿಲೂ ಹಿಗ್ಗಿತು. ಮೆಟ್ಟಿಲು ತೆಗೆದೆ, ಅಲ್ಲಿಯದೂ ಮಾಯವಾಯಿತು. ಸಿಟ್ಟಿನಿಂದ ಬಾಗಿಲನ್ನೇ ಅಳಿಸಿದಾಗ ಎರಡೂ ಮನೆಯ ಬಚ್ಚಲುಗಳು ಮಾನಗೆಟ್ಟು ಬಯಲಾದವು. ಅಳಿಸಿದ್ದನ್ನು ರದ್ದು ಮಾಡಿ ಹಿಂದಕ್ಕೆ ಬಂದೆ. ನಕಲನ್ನು ಮೂಲದಿಂದ ಬೇರ್ಪಡಿಸುವ ಆಜ್ಞೆಯೊಂದಿದೆಯೆಂದು ನೆನಪಾಗಿ, ಬೀರಣ್ಣನ ಮನೆಯ ಮೇಲೆ ಅದನ್ನು ಪ್ರಯೋಗಿಸಿದೆ. ಗೋಡೆಗಳೇನೋ ಬೇರೆಯಾದವು, ಬಾಗಿಲು ಆಗಲಿಲ್ಲ. ಮನೆಗಳು ಹಿಸೆಯಾಗಿದ್ದವು, ಒಳಗಿನ ಬಾಗಿಲುಗಳಿನ್ನೂ ಒಟ್ಟು ಕುಟುಂಬದಲ್ಲೇ ಇದ್ದವು! ಇಡೀ ಮಧ್ಯಾಹ್ನ ಹೀಗೆ ಕಳೆಯಿತು. ಊಟಕ್ಕೆ ಕಾದು ಸೋತ ನನ್ನ ಹೆಂಡತಿ ಫೋನಿನಲ್ಲಿ, “ಒಂದು ಬಾಗ್ಲು ಬರ್ಯಲೆ ಇಷ್ಟೊತ್ತು ಬೇಕ?” ಎಂದು ಕೇಳಿದಳು. ಒಂದಲ್ಲ, ಅದೇ ತೊಂದರೆ ಎಂದು ವಿವರಿಸಹೊರಟೆ. ಅಷ್ಟರಲ್ಲಿ ಫೋನು ಇಟ್ಟಾಗಿತ್ತು.

ಅದು ಬಗೆಹರಿಯುವ ಮೊದಲೇ, ಪೇಟೆಗೆ ಬಂದಿದ್ದ ಬೀರಣ್ಣ ಮತ್ತು ಗಂಗಕ್ಕ ನನ್ನ ಕೋಣೆಯ ಮೆಟ್ಟಿಲೇರಿ ಬಂದರು. ನಕ್ಷೆ ತೆರೆದೇ ಇತ್ತು. ನಾನು ಅಡುಗೆಮನೆಯ ಕಟ್ಟೆ, ದೇವರ ಗೂಡು ಎಂದು ಅವರ ಗಮನವನ್ನು ಬೇರೆ ಕಡೆ ಒಯ್ಯಲು ನೋಡಿದೆ. ಮನೆ ಕಟ್ಟಿಸುವವನ ಕಣ್ಣು ಅಷ್ಟು ಸುಲಭಕ್ಕೆ ಹೊರಳುತ್ತದೆಯೆ? ಬೀರಣ್ಣ ಪರದೆಯ ಮೇಲೆ ಬೆರಳಿಟ್ಟ.

“ಇದೆಂತ, ಬಚ್ಚಲಿಗೆ ಇಷ್ಟು ಅಗಲದ ಬಾಗ್ಲು? ಮೆಟ್ಲೂ ಇಲ್ಲ. ಅವ್ವಂಗಾ?” ಪರದೆಗೆ ಇನ್ನಷ್ಟು ಬಾಗಿ, “ನಮ್ಮನೆಗೂ ಮಾಡಿ ಅಂದ್ನಾ ತಮ್ಮ?” ಎಂದ.

ಹೌದೆಂದುಬಿಡುವ ಆಸೆ ನನಗಾಯಿತು. ಅವನ ಮುಖ ಅಷ್ಟು ಅರಳಿತ್ತು. ಆದರೆ ಊರೆಂದರೆ ಊರು. ನನ್ನ ಸುಳ್ಳು ನನಗಿಂತ ಮೊದಲು ನಂದೊಳ್ಳಿ ತಲುಪುತ್ತಿತ್ತು. ಗೋವಿಂದ ಹೇಳಿದ್ದು ಅವನ ಮನೆಗೆ ಮಾತ್ರ, ಇದು ಕಂಪ್ಯೂಟರಿನ ಅವಾಂತರ, ನಾಳೆಯೊಳಗೆ ನಿಮ್ಮ ಬಾಗಿಲನ್ನು ಮೊದಲಿನಂತೆ ಮಾಡಿಕೊಡುತ್ತೇನೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಬೀರಣ್ಣ ಬೆರಳು ತೆಗೆದ. ಆ ಮುಖ ನೋಡಲಾಗದೆ ನಾನು ಸುಮ್ಮನೆ ಮೌಸನ್ನು ಒರೆಸತೊಡಗಿದೆ.

ಗಂಗಕ್ಕ ಕುರ್ಚಿ ಎಳೆದುಕೊಂಡು ಪರದೆಯ ಸಮೀಪ ಕುಳಿತಳು. “ಮೊದ್ಲಿನ ಹಂಗೆ ಎಂತಕ್ಕೆ ಮಾಡೂದು? ಇರ್ಲಿ,” ಎಂದಳು. ಆಮೇಲೆ, ಗಂಡನ ಕಡೆ ನೋಡದೆ, “ಒಳಗೆ ಗೋಡೆಗೊಂದು ಸರಳು ಹಾಕಿ. ಅತ್ತೆಗೆ ಬಲಗೈಯಲ್ಲಿ ಹಿಡ್ದ್ರೆ ಮಾತ್ರ ಏಳೂಕಾಗ್ತದೆ. ಎಡಗಡೆ ಹಾಕ್ಬೇಡಿ ಮತ್ತೆ” ಎಂದಳು.

ಅತ್ತೆ ಏಳುವುದು ಯಾವ ಕೈಯ ಆಸರೆಯಲ್ಲೆಂದು ಅಷ್ಟು ಖಚಿತವಾಗಿ ಬಲ್ಲವಳು ಅತ್ತೆಯನ್ನು ಮನಸ್ಸಿನಿಂದ ಹೊರಗೆ ಹಾಕಿರಲಿಲ್ಲ. ಬೀರಣ್ಣ ಕಿಟಕಿಯಾಚೆ ಸಾಮಿಲ್ಲಿನ ದಿಮ್ಮಿಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಟವೆಲ್ಲಿನಿಂದ ಮೂಗು ಒರೆಸಿಕೊಂಡ. ನಾನು ಸರಳು ಬರೆದೆ. ಬರೆದದ್ದು ಬೀರಣ್ಣನ ಬಚ್ಚಲಿಗೆ. ಬಾಗಿಲಿನ ಚೌಕಟ್ಟಿನ ಪಕ್ಕದಲ್ಲೇ, ಅದರದೇ ಭಾಗವಾಗಿ ಬರೆದಿದ್ದರಿಂದ ಗೋವಿಂದನ ಬಚ್ಚಲಿನಲ್ಲೂ ಮೂಡಿತು.

ಮರುದಿನ ಬಂದ ಗೋವಿಂದ ಅದನ್ನು ಕಂಡು, ತಾನು ಹೇಳದ ಸರಳನ್ನು ಹಾಕಿಸಿದವರು ಯಾರೆಂದು ಕೇಳಿದ.

“ನಿನ್ನ ಅತ್ತಿಗೆ” ಎಂದೆ.

ಅವನು ಎರಡೂ ಮನೆಗಳನ್ನು ಬಹಳ ಹೊತ್ತು ನೋಡಿದ. “ಹಂಗಾರೆ ಅಲ್ಲೂ ಅಗಲದ ಬಾಗ್ಲೇ?” ಎಂದ. ಹೌದೆಂದೆ. “ನಾನೇ ಕೇಳ್ಬೇಕಿತ್ತು ಅಣ್ಣನ್ನ,” ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟ. ಚಾ ತರಿಸಿದ್ದೆ, ಅವನ ಪಾಲನ್ನೂ ನಾನೇ ಕುಡಿದೆ.

ಒಳಗಿನ ಬಾಗಿಲನ್ನು ಬೇರ್ಪಡಿಸುವ ಉಪಾಯ ಅದೇ ಸಂಜೆ ಹೊಳೆಯಿತೆನ್ನಿ: ಮನೆಯನ್ನು ಬೇರೆ ಮಾಡಿದರೆ ಸಾಲದು, ಒಳಹೊಕ್ಕು ಬಾಗಿಲನ್ನೂ ಆರಿಸಿ, ಅದೇ ಆಜ್ಞೆಯನ್ನು ಮತ್ತೊಮ್ಮೆ ಕೊಡಬೇಕು. ಹೊಳೆದದ್ದನ್ನು ಪ್ರಯೋಗಿಸುವ ಸಂದರ್ಭ ಬರಲಿಲ್ಲ.

ಈಚೆಗೆ ನಂದೊಳ್ಳಿಗೆ ಹೋಗಿದ್ದೆ. ಎರಡು ಮನೆ, ಒಂದೇ ಅಂಗಳ, ನಡುವೆ ಗೋಡೆಯಿಲ್ಲ. ದೇವಮ್ಮ ತನಗೆ ತೋಚಿದಷ್ಟು ದಿನ ಇಲ್ಲಿ, ತೋಚಿದಷ್ಟು ದಿನ ಅಲ್ಲಿ. ಹೆಬ್ಬಾಗಿಲಿನ ಹೊಸ್ತಿಲು ದಾಟುವಾಗ ಆಯಾ ಮನೆಯವರು ಕೈ ಹಿಡಿಯುತ್ತಾರೆ. ಅತ್ತೆ ಸೊಸೆಯರ ಜಗಳ ನಿಂತಿಲ್ಲ. ಆದರೆ ಅದೀಗ ಒಂದೇ ಸೂರಿನ ಕೆಳಗೆ ನಡೆಯುತ್ತದೆ. ನಾನು ಹೋದಾಗ ದೇವಮ್ಮ ಬೀರಣ್ಣನ ಜಗಲಿಯಲ್ಲಿ ಕುಳಿತಿದ್ದಳು. ಊಟದ ನಂತರದ ಹೊತ್ತು. ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ಸಾವಕಾಶವಾಗಿ ಆಕಳಿಸಿದಳು. ಅಡಿಕೆ ಕತ್ತರಿಸುತ್ತಿದ್ದ ಬೀರಣ್ಣನೂ ಆಕಳಿಸಿದ. ಅಂಗಳದಾಚೆಯ ಜಗಲಿಯಲ್ಲಿ ಗೋವಿಂದ ಬಾಯಿಗೆ ಕೈ ಅಡ್ಡ ಹಿಡಿದ. ನಾನು ಈ ಸಲ ಹಲ್ಲು ಕಚ್ಚಲಿಲ್ಲ.